ಕಥೆಯನ್ನು ಕಳುಹಿಸುವುದು, ಹಕ್ಕನ್ನು ಉಳಿಸಿಕೊಳ್ಳುವುದು ಹೇಗೆ?

ಕಥೆ ಬರೆಯುವುದನ್ನು ಹೇಳಿಕೊಡುವ ಕಮ್ಮಟಗಳಿಗೂ ಪುಸ್ತಕಗಳಿಗೂ ಕೊರತೆಯಿಲ್ಲ. ಬರೆದು ಮುಗಿಸಿದ ಕಥೆಯನ್ನು ಪತ್ರಿಕೆಗೆ ಕಳುಹಿಸುವ ಬಗೆ ಯಾವುದು, ಅದು ಸ್ವೀಕೃತವಾದಾಗ ಕೈಗೆ ಬರುವ ಒಪ್ಪಂದಪತ್ರವನ್ನು ಓದುವ ಬಗೆ ಯಾವುದು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಸಣ್ಣ ಸಾಹಿತ್ಯ ಪತ್ರಿಕೆಯೊಂದಕ್ಕೆ ಬರುತ್ತಿದ್ದ ಕಥೆಗಳ ಮೊದಲ ಓದನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಪದಮಿತಿಯನ್ನು ಎರಡು ಪಟ್ಟು ಮೀರಿದ್ದರಿಂದ, ಫೈಲ್ ತೆರೆಯದಿದ್ದುದರಿಂದ, ಫೇಸ್‌ಬುಕ್ ಗೋಡೆಯ ಮೇಲೆ ಅದಾಗಲೇ ಬಂದುಬಿಟ್ಟಿದ್ದರಿಂದ ಬದಿಗಿಟ್ಟ ಒಳ್ಳೆಯ ಕಥೆಗಳು ಆಗ ಸಾಕಷ್ಟಿದ್ದವು. ಅದಕ್ಕಿಂತ ಹೆಚ್ಚು ಬೇಸರ ತರಿಸಿದ್ದು ಗೆಳೆಯನೊಬ್ಬನ ಪ್ರಸಂಗ. ಕಥೆ ಸ್ವೀಕೃತವಾದ ಸಂತೋಷದಲ್ಲಿ ಆತ ಎರಡು ಪುಟದ ಕರಾರನ್ನು ಓದದೆ ಸಹಿ ಹಾಕಿದ್ದ. ಮೂರು ವರ್ಷಗಳ ನಂತರ ತನ್ನದೇ ಸಂಕಲನಕ್ಕೆ ಆ ಕಥೆಯನ್ನು ಸೇರಿಸಿಕೊಳ್ಳಲು ಪರರ ಅನುಮತಿ ಕೇಳಬೇಕಾಯಿತು, ಆ ಅನುಮತಿ ಸಿಗಲೂ ಇಲ್ಲ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಅವನೇ.

ಮೊದಲ ಹಂತ: ಕಥೆಯನ್ನು ತಣಿಯಲು ಬಿಡಿ

ಮುಗಿದ ಕಥೆಯನ್ನು ಎರಡು ವಾರ ಮುಟ್ಟಬೇಡಿ. ಆಮೇಲೆ ಒಮ್ಮೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆ ತಿದ್ದಿ. ಈ ಹಂತಕ್ಕೆ ಇಷ್ಟು ಸಾಕು.

ಎರಡನೆಯ ಹಂತ: ಎಲ್ಲಿಗೆ ಕಳುಹಿಸಬೇಕೆಂದು ನಿರ್ಧರಿಸಿ

ಕಳುಹಿಸಬೇಕೆಂದಿರುವ ಪತ್ರಿಕೆಯ ಇತ್ತೀಚಿನ ಎರಡು ಸಂಚಿಕೆಗಳನ್ನಾದರೂ ಓದಿ. ಬಳಿಕ ಆ ಪತ್ರಿಕೆಯ ನಿಯಮಗಳಲ್ಲಿ ನಾಲ್ಕು ವಿಷಯಗಳನ್ನು ಹುಡುಕಿ: ಪದಮಿತಿ ಎಷ್ಟು, ಲೇಖಕರ ಹೆಸರು ಕಾಣದಂತೆ ಕಳುಹಿಸಬೇಕೇ, ಒಂದೇ ಕಥೆಯನ್ನು ಏಕಕಾಲಕ್ಕೆ ಬೇರೆಡೆಗೂ ಕಳುಹಿಸಬಹುದೇ, ಮತ್ತು ‘ಅಪ್ರಕಟಿತ’ ಎಂಬ ಮಾತಿಗೆ ಅವರು ಕೊಡುವ ಅರ್ಥವೇನು. ಕೊನೆಯದರಲ್ಲಿ ಎಡವುವವರೇ ಹೆಚ್ಚು. ಸ್ವಂತ ಬ್ಲಾಗಿನಲ್ಲಿ, ಸಾಮಾಜಿಕ ಜಾಲತಾಣದಲ್ಲಿ ಅಥವಾ ಕಥೆ ಓದುವ ಆ್ಯಪ್‌ನಲ್ಲಿ ಹಾಕಿದ್ದನ್ನೆಲ್ಲ ‘ಪ್ರಕಟಿತ’ ಎಂದೇ ಎಣಿಸುವ ಪತ್ರಿಕೆಗಳು ಬಹಳ. ನಾಲ್ಕೇ ಜನ ಲೈಕ್ ಒತ್ತಿದ್ದರೂ ಅವರ ಲೆಕ್ಕಕ್ಕೆ ಅದು ಪ್ರಕಟಣೆಯೇ. ಹಾಕಿ ಅಳಿಸಿದರಾಯಿತು ಎಂಬ ಉಪಾಯವನ್ನು ನಂಬಬೇಡಿ, ಏಕೆಂದರೆ ಕಥೆಯ ಒಂದು ಸಾಲನ್ನು ಹುಡುಕುಯಂತ್ರಕ್ಕೆ ಕೊಟ್ಟು ನೋಡುವ ಅಭ್ಯಾಸ ಸಂಪಾದಕರಿಗಿದೆ. ನನ್ನ ಸಲಹೆಯಂತೂ ಸ್ಪಷ್ಟ: ಪತ್ರಿಕೆಗೆಂದು ಇಟ್ಟುಕೊಂಡ ಕಥೆಯ ಒಂದು ಪ್ಯಾರಾವನ್ನೂ ಮುಂಚಿತವಾಗಿ ಎಲ್ಲಿಯೂ ಹಾಕಬೇಡಿ.

ಮೂರನೆಯ ಹಂತ: ಫೈಲನ್ನು ಸಿದ್ಧಪಡಿಸಿ

ನಿಯಮದಲ್ಲಿ ಬೇರೇನೂ ಹೇಳಿಲ್ಲದಿದ್ದರೆ 12 ಪಾಯಿಂಟ್ ಅಕ್ಷರ, ನಾಲ್ಕೂ ಕಡೆ ಒಂದು ಅಂಗುಲದ ಅಂಚು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಸಾಲಿನ ಅಂತರ, ಪ್ರತಿ ಪುಟಕ್ಕೂ ಸಂಖ್ಯೆ, ಇಷ್ಟಿದ್ದರೆ ಸಾಕು. ಅಲಂಕಾರದ ಅಂಚು, ಬಣ್ಣದ ಶೀರ್ಷಿಕೆ, ಮೊದಲ ಪುಟದಲ್ಲಿ ಲೇಖಕರ ಭಾವಚಿತ್ರ ಯಾವುದೂ ಬೇಡ.

ಕಥೆ ಯುನಿಕೋಡ್‌ನಲ್ಲಿಯೇ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತದಲ್ಲಿಯೇ ಇರಬೇಕು. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಹಳೆಯ ಫಾಂಟಿನಲ್ಲಿ ಟೈಪು ಮಾಡಿ, ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಳುಹಿಸಿ, ಓದುವವರ ಮುಂದೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಸುರಿಯುವವರು ಇಂದಿಗೂ ಇದ್ದಾರೆ. ಪರಿವರ್ತಕ ತಂತ್ರಾಂಶವನ್ನು ಬಳಸಿದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗಿರುತ್ತವೆ, ನಡುವೆ ಇಂಗ್ಲಿಷ್ ಲಿಪಿಯಲ್ಲಿದ್ದ ಪದಗಳು ಯಾವ ನಿಘಂಟಿನಲ್ಲಿಯೂ ಇಲ್ಲದ ಕನ್ನಡವಾಗಿರುತ್ತವೆ. ಪರಿವರ್ತಿಸಿದ ಮೇಲೆ ಸಾಲು ಸಾಲಾಗಿ ಓದಲೇಬೇಕು. ಪುಟದ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದನ್ನು ನಾನು ಕಥೆ ಕಳುಹಿಸುವ ಕ್ರಮವೆಂದೇ ಪರಿಗಣಿಸುವುದಿಲ್ಲ.

ಹೆಸರಿಲ್ಲದೆ ಕಳುಹಿಸಬೇಕೆಂಬ ನಿಯಮವಿದ್ದಲ್ಲಿ ಮೊದಲ ಪುಟದ ಹೆಸರನ್ನು ಅಳಿಸಿದರಷ್ಟೇ ಸಾಲದು. ಫೈಲಿನ ಹೆಸರು, ಪುಟದ ಮೇಲಂಚು, ಫೈಲಿನ ಗುಣಲಕ್ಷಣಗಳಲ್ಲಿ ತಾನಾಗಿ ದಾಖಲಾಗುವ ‘ಲೇಖಕ’ ಎಂಬ ವಿವರ, ಈ ಮೂರನ್ನೂ ನೋಡಬೇಕು. ತಿದ್ದುಪಡಿಗಳ ಜಾಡನ್ನೂ ಬದಿಯ ಟಿಪ್ಪಣಿಗಳನ್ನೂ ಅಳಿಸಿರಬೇಕು. ಒಮ್ಮೆ ನಾನು ತೆರೆದ ಫೈಲೊಂದರ ನಾಲ್ಕನೆಯ ಪುಟದ ಬದಿಯಲ್ಲಿ ‘ಇಲ್ಲಿಂದ ಎರಡು ಪುಟ ಬೋರು, ಆದ್ರೂ ಇರ್ಲಿ ಬಿಡು’ ಎಂಬ ಟಿಪ್ಪಣಿ ಹಾಗೆಯೇ ಉಳಿದಿತ್ತು. ಆ ಎರಡು ಪುಟಗಳನ್ನು ನಿಷ್ಪಕ್ಷಪಾತವಾಗಿ ಓದುವುದು ನನ್ನಿಂದಾಗಲಿಲ್ಲ.

ನಾಲ್ಕನೆಯ ಹಂತ: ಜೊತೆಗಿಡುವ ಪತ್ರ

ಕಥೆಯ ಶೀರ್ಷಿಕೆ, ಪದಗಳ ಸಂಖ್ಯೆ, ಇದು ಅಪ್ರಕಟಿತವೆಂಬ ಮಾತು, ಬೇರೆಡೆಗೂ ಕಳುಹಿಸಿದ್ದರೆ ಅದರ ಉಲ್ಲೇಖ, ಎರಡು ಸಾಲಿನ ಪರಿಚಯ. ಐದಾರು ಸಾಲುಗಳಲ್ಲಿ ಪತ್ರ ಮುಗಿಯಬೇಕು. ಕಥೆಯ ಸಾರಾಂಶವನ್ನಾಗಲಿ, ಅದರಲ್ಲಿ ಅಡಗಿರುವ ಸಂದೇಶವನ್ನಾಗಲಿ ವಿವರಿಸಬೇಡಿ.

ಐದನೆಯ ಹಂತ: ದಾಖಲೆಯ ಪುಸ್ತಕ

ಯಾವ ಕಥೆ, ಎಲ್ಲಿಗೆ, ಯಾವ ದಿನ, ಉತ್ತರ ಬರಬೇಕಾದ ದಿನ, ಬಂದ ಉತ್ತರ, ಕೊಟ್ಟ ಹಕ್ಕು, ಹಕ್ಕು ಹಿಂದಿರುಗುವ ದಿನ, ಸಂಭಾವನೆ ಎಂದು ಎಂಟು ಕಾಲಂಗಳನ್ನು ಹಾಕಿಕೊಳ್ಳಿ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಆದರೂ ಸರಿ, ಗೆರೆ ಎಳೆದ ನೋಟ್‌ಬುಕ್ ಆದರೂ ಸರಿ. ಇದಕ್ಕೆಂದೇ ಹಣ ಕೊಟ್ಟು ಬಳಸುವ ಸೇವೆಗಳಿವೆ. ವರ್ಷಕ್ಕೆ ಹತ್ತು ಕಥೆ ಕಳುಹಿಸುವವರಿಗೆ ಅವುಗಳ ಅಗತ್ಯ ನನಗೆ ಕಂಡಿಲ್ಲ. ಲೆಕ್ಕ ಬರೆಯುವುದು ಸೃಜನಶೀಲರಿಗೆ ಹೊಂದದ ಕೆಲಸವೆಂದು ಮೂಗು ಮುರಿಯುವವರು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್‌ನನ್ನು ನೆನೆಯಬಹುದು. ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಕಾದಂಬರಿಗಳ ಸಾಲನ್ನು ಬರೆದ ಆತ, ವಾರಗಳಾಗಿ ವಿಂಗಡಿಸಿದ ದಿನಚರಿಯಲ್ಲಿ ಪ್ರತಿದಿನ ಬರೆದ ಪುಟಗಳನ್ನು ನಮೂದಿಸುತ್ತಿದ್ದ. ಒಂದು ಪುಟವೆಂದರೆ 250 ಪದವೆಂಬುದು ಅವನ ಲೆಕ್ಕ. ಮರಣಾನಂತರ 1883ರಲ್ಲಿ ಪ್ರಕಟವಾದ ಆತ್ಮಕಥೆಯ ಕೊನೆಯಲ್ಲಿ, ಪ್ರತಿ ಪುಸ್ತಕದಿಂದ ಬಂದ ಹಣವನ್ನು ಪಟ್ಟಿ ಮಾಡಿ, ಒಟ್ಟು 68,939 ಪೌಂಡ್ 17 ಶಿಲಿಂಗ್ 5 ಪೆನ್ಸ್ ಎಂದು ಮೊತ್ತವನ್ನೂ ಕೊಟ್ಟಿದ್ದಾನೆ.

ಈ ಕಾಗದಪತ್ರದ ಕೆಲಸಕ್ಕೆ ವಾರದಲ್ಲಿ ಒಂದು ಗಂಟೆಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು, ಮತ್ತು ಅದು ಬರೆಯುವ ಹೊತ್ತಾಗಿರಬಾರದು. ಬೆಳಗ್ಗೆ ಬರೆಯಲು ಕುಳಿತು ಮೊದಲು ಇಮೇಲ್ ತೆರೆದು, ಅಲ್ಲಿ ತಿರಸ್ಕಾರದ ಪತ್ರವನ್ನು ಕಂಡು, ಆ ದಿನದ ಬರವಣಿಗೆಯನ್ನೇ ಕಳೆದುಕೊಳ್ಳುವುದನ್ನು ನಾನೂ ಬಹಳ ಸಲ ಮಾಡಿದ್ದೇನೆ.

ಪತ್ರಿಕೆ ಹೇಳಿದ ಅವಧಿ ಮುಗಿಯುವವರೆಗೆ ವಿಚಾರಿಸಬೇಡಿ. ಮುಗಿದು ಎರಡು ವಾರವಾದ ಮೇಲೆ ಎರಡು ಸಾಲಿನ ಪತ್ರ ಬರೆಯಿರಿ. ಏಕಕಾಲಕ್ಕೆ ಹಲವೆಡೆಗೆ ಕಳುಹಿಸಿದ ಕಥೆ ಒಂದು ಕಡೆ ಸ್ವೀಕೃತವಾದರೆ ಅದೇ ದಿನ ಉಳಿದ ಕಡೆಗಳಿಂದ ಹಿಂತೆಗೆದುಕೊಳ್ಳಿ. ಒಂದೇ ತಿಂಗಳು ಎರಡು ಪತ್ರಿಕೆಗಳಲ್ಲಿ ಒಂದೇ ಕಥೆ ಬಂದರೆ ಆ ಎರಡೂ ಬಾಗಿಲುಗಳು ಮುಚ್ಚುತ್ತವೆ.

ಆರನೆಯ ಹಂತ: ಒಪ್ಪಂದಪತ್ರವನ್ನು ಪೆನ್ಸಿಲ್ ಹಿಡಿದು ಓದಿ

ಎಲ್ಲರೂ ಎಡವುವ ಜಾಗ ಇದು. ‘ನಿಮ್ಮ ಕಥೆಯನ್ನು ಸ್ವೀಕರಿಸಿದ್ದೇವೆ’ ಎಂಬ ಸಾಲನ್ನು ಓದಿದ ಮೇಲೆ ಮುಂದಿನ ಯಾವ ಸಾಲೂ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಸ್ವೀಕೃತಿ ಬಂದ ದಿನ ಸಹಿ ಮಾಡಬೇಡಿ. ಮರುದಿನ ಕುಳಿತು ಓದಿ.

ಓದುವ ಮೊದಲು ಒಂದು ಸಂಗತಿ ಸ್ಪಷ್ಟವಿರಲಿ. ಕಥೆಯ ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು. ಕೃತಿಸ್ವಾಮ್ಯದ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಡಂಬಡಿಕೆಯನ್ನು 1908ರಲ್ಲಿ ಬರ್ಲಿನ್ನಿನಲ್ಲಿ ಪರಿಷ್ಕರಿಸಿದಾಗ, ಈ ರಕ್ಷಣೆಗೆ ನೋಂದಣಿಯಂತಹ ಯಾವ ವಿಧಿವಿಧಾನವನ್ನೂ ಷರತ್ತಾಗಿ ಇಡಕೂಡದೆಂಬ ನಿಯಮ ಬಂದಿತು, ಮತ್ತು ಜಗತ್ತಿನ ಬಹುಪಾಲು ದೇಶಗಳು ಇಂದು ಆ ಒಡಂಬಡಿಕೆಯ ಸದಸ್ಯರು. ಹಸ್ತಪ್ರತಿಯನ್ನು ಲಕೋಟೆಯಲ್ಲಿಟ್ಟು ತಮಗೆ ತಾವೇ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿಕೊಂಡು ಒಡೆಯದೆ ಇಟ್ಟುಕೊಂಡರೆ ಹಕ್ಕು ಗಟ್ಟಿಯಾಗುತ್ತದೆ ಎಂಬ ಹಳೆಯ ಉಪಾಯದಿಂದ ಅಂಚೆಯ ಖರ್ಚು ಬಿಟ್ಟರೆ ಬೇರೇನೂ ಆಗುವುದಿಲ್ಲ. ಹಕ್ಕು ನಿಮ್ಮ ಬಳಿ ಅದಾಗಲೇ ಇದೆ. ಸಹಿ ಹಾಕುವ ಮೂಲಕ ಅದರಲ್ಲಿ ಎಷ್ಟನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದಷ್ಟೇ ಪ್ರಶ್ನೆ.

ಬಿಟ್ಟುಕೊಡುವುದರಲ್ಲಿ ಎರಡು ಬಗೆ. ಮನೆಯನ್ನು ಬಾಡಿಗೆಗೆ ಕೊಡುವುದು ಒಂದು, ಕ್ರಯಪತ್ರ ಬರೆದುಕೊಡುವುದು ಇನ್ನೊಂದು. ಪ್ರಕಟಿಸಲು ಅನುಮತಿ ಅಥವಾ ಪರವಾನಗಿ ಎಂದಿದ್ದರೆ ಅದು ಬಾಡಿಗೆ. ಹಕ್ಕನ್ನು ವಹಿಸಿಕೊಡುತ್ತಾರೆ, ವರ್ಗಾಯಿಸುತ್ತಾರೆ ಎಂದಿದ್ದರೆ ಅದು ಕ್ರಯ. ಪತ್ರಿಕೆಯ ಒಂದು ಸಂಚಿಕೆಯಲ್ಲಿ ಒಮ್ಮೆ ಅಚ್ಚಾಗುವ ಕಥೆಗೆ ಬಾಡಿಗೆಯೇ ಧಾರಾಳವಾಯಿತು. ಅವಸರದಲ್ಲಿ ತಯಾರಾದ ಕರಾರುಗಳಲ್ಲಿ ಕಂಡುಬರುವ ಮಾದರಿಯ ಒಂದು ವಾಕ್ಯವನ್ನು ನೋಡಿ:

‘ಲೇಖಕರು ಸದರಿ ಕೃತಿಯ ಸಮಸ್ತ ಹಕ್ಕುಗಳನ್ನು, ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ಶಾಶ್ವತವಾಗಿ ಪ್ರಕಾಶಕರಿಗೆ ವಹಿಸಿಕೊಡುತ್ತಾರೆ.’

ಪೆನ್ಸಿಲಿನಿಂದ ಐದು ಕಡೆ ಗೆರೆ ಎಳೆಯಿರಿ. ‘ಸಮಸ್ತ’ ಎಂದರೆ ಸಂಕಲನ, ಆಡಿಯೊ ಪುಸ್ತಕ, ನಾಟಕ, ಸಿನಿಮಾ, ಪಠ್ಯಪುಸ್ತಕ ಎಲ್ಲವೂ ಸೇರಿತು. ‘ಮುಂದೆ ಬರಬಹುದಾದ ಮಾಧ್ಯಮ’ ಎಂದರೆ ಇಂದು ಹೆಸರೇ ಇಲ್ಲದ, ನಾಳೆ ಹುಟ್ಟಲಿರುವ ಯಾವುದೋ ಯಂತ್ರದ ಪಾಲಿಗೂ ನಿಮ್ಮ ಕಥೆಯನ್ನು ಇಂದೇ ಬರೆದುಕೊಟ್ಟಂತಾಯಿತು. ‘ಎಲ್ಲ ಭಾಷೆಗಳಲ್ಲಿ’ ಎಂಬುದನ್ನು ಜನ ಹಗುರವಾಗಿ ಬಿಟ್ಟುಬಿಡುತ್ತಾರೆ. ನನ್ನ ಕಥೆಯನ್ನು ಯಾರು ಅನುವಾದಿಸುತ್ತಾರೆ ಎಂಬ ವಿನಯ ಅದರ ಹಿಂದಿರುತ್ತದೆ. ಅನುವಾದಕರೊಬ್ಬರು ಒಂದು ದಿನ ಬಂದು ಕೇಳಿದಾಗ ಆ ವಿನಯ ದುಬಾರಿಯಾಗುತ್ತದೆ. ‘ಶಾಶ್ವತವಾಗಿ’ ಎಂಬುದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ: ಬರ್ನ್ ಒಡಂಬಡಿಕೆಯ ಸಾಮಾನ್ಯ ನಿಯಮದಂತೆ ಕೃತಿಸ್ವಾಮ್ಯ ಲೇಖಕರ ಆಯುಷ್ಯದ ನಂತರವೂ ಕನಿಷ್ಠ 50 ವರ್ಷ ಇರುತ್ತದೆ, ಆ ವರ್ಷಗಳೆಲ್ಲ ಪ್ರಕಾಶಕರ ಪಾಲಾಗುತ್ತವೆ. ‘ವಹಿಸಿಕೊಡುತ್ತಾರೆ’ ಎಂಬುದು ಕ್ರಯಪತ್ರದ ಕ್ರಿಯಾಪದ. ನನ್ನ ಗೆಳೆಯ ಸಹಿ ಹಾಕಿದ್ದು ಹೆಚ್ಚುಕಡಿಮೆ ಇಂತಹುದೇ ವಾಕ್ಯದ ಕೆಳಗೆ.

ಇಂತಹ ವಾಕ್ಯ ಕಂಡಾಗ ಜಗಳಕ್ಕೆ ಹೋಗುವ ಅಗತ್ಯವಿಲ್ಲ, ಕಥೆಯನ್ನು ಹಿಂತೆಗೆದುಕೊಳ್ಳಬೇಕಾಗಿಯೂ ಇಲ್ಲ. ಅದರ ಜಾಗದಲ್ಲಿ ಬೇರೆ ವಾಕ್ಯವನ್ನು ನೀವೇ ಬರೆದು ಕಳುಹಿಸಿ. ನಾನು ಬಳಸುವ ಒಕ್ಕಣೆ ಹೀಗಿದೆ:

‘ಲೇಖಕರು ಸದರಿ ಕಥೆಯನ್ನು ಕನ್ನಡದಲ್ಲಿ ಮೊದಲ ಬಾರಿಗೆ ಪತ್ರಿಕೆಯ ಮುದ್ರಿತ ಸಂಚಿಕೆಯಲ್ಲಿಯೂ ಜಾಲತಾಣದಲ್ಲಿಯೂ ಪ್ರಕಟಿಸಲು ಅನುಮತಿ ನೀಡುತ್ತಾರೆ. ಪ್ರಕಟವಾದ ದಿನದಿಂದ ಆರು ತಿಂಗಳವರೆಗೆ ಲೇಖಕರು ಅದನ್ನು ಬೇರೆಡೆ ಪ್ರಕಟಿಸುವುದಿಲ್ಲ. ಸ್ವೀಕೃತಿಯ ದಿನದಿಂದ ಒಂದು ವರ್ಷದೊಳಗೆ ಕಥೆ ಪ್ರಕಟವಾಗದಿದ್ದರೆ ಈ ಅನುಮತಿ ತಾನಾಗಿ ರದ್ದಾಗುತ್ತದೆ. ಇಲ್ಲಿ ಹೆಸರಿಸದ ಎಲ್ಲ ಹಕ್ಕುಗಳೂ ಲೇಖಕರಲ್ಲಿಯೇ ಉಳಿಯುತ್ತವೆ.’

ನಾಲ್ಕು ವಾಕ್ಯಗಳಲ್ಲಿ ಕೊನೆಯದನ್ನು ಯಾವ ಕಾರಣಕ್ಕೂ ಬಿಡಬೇಡಿ, ಏಕೆಂದರೆ ನೀವು ಊಹಿಸದೆ ಹೋದ ಸಂದರ್ಭಗಳಲ್ಲೆಲ್ಲ ಕಾಯುವುದು ಅದೇ. ಮೂರನೆಯದನ್ನು ಸೇರಿಸಲು ಹೆಚ್ಚಿನವರು ಮರೆಯುತ್ತಾರೆ. ಸ್ವೀಕರಿಸಿ, ಎರಡು ವರ್ಷ ಇಟ್ಟುಕೊಂಡು, ಪತ್ರಿಕೆಯೇ ನಿಂತುಹೋದಾಗ ಅತ್ತ ಪ್ರಕಟವೂ ಆಗದೆ ಇತ್ತ ಬೇರೆಡೆ ಕಳುಹಿಸಲೂ ಆಗದೆ ಕಥೆ ನಡುನೀರಿನಲ್ಲಿ ನಿಂತುಬಿಡುತ್ತದೆ.

ಜೊತೆಗಿನ ಪತ್ರ ಮೃದುವಾಗಿರಲಿ: ‘ಕಥೆಯನ್ನು ಸ್ವೀಕರಿಸಿದ್ದಕ್ಕೆ ವಂದನೆಗಳು. ಮುಂದೆ ಇದನ್ನು ಸಂಕಲನದಲ್ಲಿ ಸೇರಿಸುವ ಯೋಚನೆಯಿರುವುದರಿಂದ ಮೂರನೆಯ ಕಲಮನ್ನು ಕೆಳಗಿನಂತೆ ಬದಲಿಸಲು ಸಾಧ್ಯವೇ?’ ಕೇಳಿದರೆ ಕಥೆಯನ್ನೇ ವಾಪಸು ಮಾಡಿಬಿಡುತ್ತಾರೆ ಎಂಬ ಭಯ ಸಹಜವಾದರೂ, ಕರಾರಿನ ಒಕ್ಕಣೆಯನ್ನು ಎಲ್ಲಿಂದಲೋ ನಕಲು ಮಾಡಿಕೊಂಡು ತಾವೇ ಪೂರ್ತಿ ಓದದಿರುವ ಸಂಪಾದಕರಿದ್ದಾರೆ, ಕೇಳಿದ ಕೂಡಲೇ ತಿದ್ದಿಕೊಡುತ್ತಾರೆ ಎಂಬುದು ನನ್ನ ಅನುಭವ. ತಿದ್ದಲು ಒಪ್ಪದವರಿಗೆ ನಾನು ಕಥೆ ಕೊಟ್ಟಿಲ್ಲ.

ಹಕ್ಕಿನ ಕಲಮು ಮುಗಿದ ಮೇಲೆ ಇನ್ನು ಮೂರು ಕಡೆ ಪೆನ್ಸಿಲ್ ನಿಲ್ಲಬೇಕು. ಒಂದು, ತಿದ್ದುಪಡಿ. ಕಾಗುಣಿತ, ವಿರಾಮಚಿಹ್ನೆಗಳನ್ನು ಸಂಪಾದಕರು ತಿದ್ದಲಿ. ಅದನ್ನು ಮೀರಿದ ಬದಲಾವಣೆಗೆ ಲೇಖಕರ ಒಪ್ಪಿಗೆ ಬೇಕೆಂದು ಬರೆಸಿಕೊಳ್ಳಿ. ಬರ್ನ್ ಒಡಂಬಡಿಕೆಯ 1928ರ ಪರಿಷ್ಕರಣೆ, ತನ್ನ ಹೆಸರನ್ನು ಹೇಳಿಕೊಳ್ಳುವ ಹಕ್ಕನ್ನೂ ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿಕೃತಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನೂ ಲೇಖಕರಿಗೆ ಕೊಟ್ಟಿದೆ. ಆದರೆ ಕಥೆಯ ಕೊನೆಯ ಪ್ಯಾರಾ ಜಾಗ ಸಾಲದೆ ಹಾರಿಹೋದಾಗ ಒಡಂಬಡಿಕೆಯನ್ನು ಉಲ್ಲೇಖಿಸುವುದಕ್ಕಿಂತ ಕರಾರಿನ ಒಂದು ಸಾಲನ್ನು ತೋರಿಸುವುದು ಸುಲಭ. ಎರಡು, ಹಣ. ‘ಸ್ವೀಕರಿಸಿದ ಮೇಲೆ’ ಮತ್ತು ‘ಪ್ರಕಟವಾದ ಮೇಲೆ’ ಎಂಬ ಮಾತುಗಳ ನಡುವೆ ಒಂದು ವರ್ಷದ ಅಂತರವಿರಬಹುದು. ಮೂರು, ಕೃತಕ ಬುದ್ಧಿಮತ್ತೆಯ ಮಾದರಿಗಳ ತರಬೇತಿಗೆ ಕಥೆಯನ್ನು ಕೊಡುವ ವಿಚಾರ. ಕೆಲವು ಹೊಸ ಕರಾರುಗಳಲ್ಲಿ ಇದು ಮಾಧ್ಯಮಗಳ ಪಟ್ಟಿಯ ನಡುವೆ ಸದ್ದಿಲ್ಲದೆ ಸೇರಿರುತ್ತದೆ. ಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದು, ಆದರೆ ಗೊತ್ತಿಲ್ಲದೆ ಒಪ್ಪಬೇಡಿ.

ಬಹಳಷ್ಟು ಸಣ್ಣ ಪತ್ರಿಕೆಗಳಲ್ಲಿ ಕರಾರು ಎಂಬುದೇ ಇರುವುದಿಲ್ಲ. ಆಗ ಮೇಲಿನ ನಾಲ್ಕು ವಾಕ್ಯಗಳನ್ನೇ ಇಮೇಲಿನಲ್ಲಿ ಬರೆದು, ‘ನಮ್ಮ ನಡುವಿನ ತಿಳಿವಳಿಕೆ ಇದೇ ಎಂದು ದಯವಿಟ್ಟು ಖಚಿತಪಡಿಸಿ’ ಎಂದು ಕೇಳಿ. ‘ಸರಿ’ ಎಂಬ ಒಂದು ಪದದ ಉತ್ತರ ಬಂದರೂ ಅದನ್ನು ಜೋಪಾನವಾಗಿಡಿ.

ಸ್ಪರ್ಧೆಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಅಲ್ಲಿ ಸಹಿಯೇ ಇರುವುದಿಲ್ಲ; ಕಥೆ ಕಳುಹಿಸಿದ್ದೇ ಒಪ್ಪಿಗೆ ಎಂಬ ನಿಯಮವಿರುತ್ತದೆ. ಬಹುಮಾನ ಪಡೆದ ಮೂರು ಕಥೆಗಳನ್ನು ಪ್ರಕಟಿಸುವ ಹಕ್ಕು ಕೇಳಿದರೆ ಅದು ನ್ಯಾಯ. ಬಂದ ಎಲ್ಲ ಕಥೆಗಳ ಹಕ್ಕೂ ಸಂಘಟಕರದು ಎಂದಿದ್ದರೆ, ಸೋತವರೂ ತಮ್ಮ ಕಥೆಯನ್ನು ಕಳೆದುಕೊಂಡಂತೆ. ನಿಯಮಾವಳಿಯ ಕೊನೆಯ ಪುಟವನ್ನು ಮೊದಲು ಓದುವುದು ನನ್ನ ರೂಢಿ.

ಹಣದ ವಿಷಯದಲ್ಲಿಯೂ ಒಂದೇ ಅಳತೆಗೋಲು: ಹಣ ಹರಿಯಬೇಕಾದದ್ದು ಪ್ರಕಾಶಕರಿಂದ ಲೇಖಕರ ಕಡೆಗೆ. ಸಂಕಲನದಲ್ಲಿ ನಿಮ್ಮ ಕಥೆಯನ್ನು ಆರಿಸಿದ್ದೇವೆ, ಇಪ್ಪತ್ತು ಪ್ರತಿ ಕೊಳ್ಳುವುದು ಕಡ್ಡಾಯ ಎನ್ನುವವರ ನಿಜವಾದ ಗಿರಾಕಿ ಓದುಗನಲ್ಲ, ನೀವೇ. ವೈಜ್ಞಾನಿಕ ಕಥೆ ಹಾಗೂ ಫ್ಯಾಂಟಸಿ ಲೇಖಕರ ಅಮೆರಿಕದ ಸಂಘದ ಆಶ್ರಯದಲ್ಲಿ 1998ರಲ್ಲಿ ಆರಂಭವಾದ ‘ರೈಟರ್ ಬಿವೇರ್’ ಇಂತಹ ವಂಚನೆಗಳ ವಿವರಗಳನ್ನು ಉಚಿತವಾಗಿ ಪ್ರಕಟಿಸುತ್ತದೆ. ಸಂಸ್ಥೆಯ ಹೆಸರು ಹೊಸದೆನಿಸಿದರೆ ಅಲ್ಲಿ ಒಮ್ಮೆ ಹುಡುಕಿ ನೋಡಿ.

ಏಳನೆಯ ಹಂತ: ಪ್ರಕಟವಾದ ಮೇಲೆ

ಸಂಚಿಕೆಯ ಎರಡು ಪ್ರತಿ ಇಟ್ಟುಕೊಳ್ಳಿ, ಜಾಲತಾಣದಲ್ಲಿ ಬಂದಿದ್ದರೆ ಪುಟವನ್ನು ಪಿಡಿಎಫ್ ಮಾಡಿ ಉಳಿಸಿ. ಲೇಖಕರಿಗೆ ಕೆಲಕಾಲ ಉಳಿದು ಬರೆಯಲು ಜಾಗ ಕೊಡುವ ನಿವಾಸ ಯೋಜನೆಗಳಿಗೆ ಅರ್ಜಿ ಹಾಕುವಾಗ ಇವು ಬೇಕಾಗುತ್ತವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಿಂದ ಇರುವ ಮ್ಯಾಕ್‌ಡವೆಲ್ ಎಂಬ ಇಂತಹ ನಿವಾಸ ತನ್ನಲ್ಲಿ ಉಳಿದುಕೊಳ್ಳಲು ಕಲಾವಿದರಿಂದ ಬಾಡಿಗೆ ಕೇಳುವುದಿಲ್ಲ. ಕೆಲಸಕ್ಕೆ ಭಂಗ ಬಾರದಿರಲೆಂದು ಮಧ್ಯಾಹ್ನದ ಊಟದ ಬುಟ್ಟಿಯನ್ನು ಕುಟೀರದ ಬಾಗಿಲಲ್ಲಿಟ್ಟು ಹೋಗುವ ಪದ್ಧತಿ ಅಲ್ಲಿಯದು. ಅಯೋವಾ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಬರವಣಿಗೆ ಕಾರ್ಯಕ್ರಮ 1967ರಿಂದ ನಾನಾ ಭಾಷೆಗಳ ಲೇಖಕರನ್ನು ಒಟ್ಟಿಗೆ ಕೂರಿಸುತ್ತಿದೆ. ಇಂತಹ ಕಡೆಗಳಲ್ಲಿ ಆಯ್ಕೆಯ ಆಧಾರ ಬರವಣಿಗೆಯ ಮಾದರಿ, ಅದೂ ಸಾಮಾನ್ಯವಾಗಿ ಇಂಗ್ಲಿಷ್ ಅನುವಾದದಲ್ಲಿ. ನಿಮ್ಮ ಅತ್ಯುತ್ತಮ ಕಥೆಯ ಹತ್ತು ಪುಟಗಳ ಅನುವಾದವನ್ನು ಕಡೆಯ ದಿನಾಂಕ ಹತ್ತಿರ ಬರುವ ಮೊದಲೇ ಮಾಡಿಸಿಡಿ. ‘ಎಲ್ಲ ಭಾಷೆಗಳಲ್ಲಿ’ ಎಂಬ ಪದಗಳನ್ನು ಕರಾರಿನಿಂದ ತೆಗೆಸಿದ್ದರೆ ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಕೊನೆಗೆ ದಾಖಲೆಯ ಪುಸ್ತಕವನ್ನು ತೆರೆದು, ಪ್ರಕಟವಾದ ದಿನಕ್ಕೆ ಆರು ತಿಂಗಳು ಕೂಡಿಸಿ, ಏಳನೆಯ ಕಾಲಂನಲ್ಲಿ ಆ ದಿನಾಂಕವನ್ನು ಬರೆಯಿರಿ. ಸಂಭಾವನೆ ಬರುವವರೆಗೆ ಎಂಟನೆಯದು ಖಾಲಿ ಇರಲಿ, ತಿಂಗಳಿಗೊಮ್ಮೆ ಅದರ ಕಡೆ ನೋಡಿ ಸಂಪಾದಕರಿಗೆ ಎರಡು ಸಾಲು ಬರೆಯಿರಿ.